ಎಲೆಕ್ಟ್ರಾನಿಕ್ ಹಾರ್ಡ್‌ವೇರ್ ವಿನ್ಯಾಸ: ಅತಿವಾಹಕ ಮೆಮೊರಿಯಿಂದ ವಿದ್ಯಾರ್ಥಿ ರೇಡಾರ್‌ವರೆಗೆ – ಮುಖ್ಯಾಂಶಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ: ಸಂಸ್ಥೆಗಳು
• ಮೂರೂ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕುಗಳು. ಮೂಡುಬಿದಿರೆ: ಹಿಂದೆ ಮಂಗಳೂರು ತಾಲ್ಲೂಕಿನ ಭಾಗ, ಪ್ರತ್ಯೇಕ ತಾಲ್ಲೂಕಾಗಿ ಘೋಷಣೆ 2017ರ ರಾಜ್ಯ ಬಜೆಟ್‌ನಲ್ಲಿ.
• ಕೆನರಾ ಎಂಜಿನಿಯರಿಂಗ್ ಕಾಲೇಜು: ಬೆಂಜನಪದವು, ಬಂಟ್ವಾಳ ತಾಲ್ಲೂಕು, ಸ್ಥಾಪನೆ 2001. ಆಡಳಿತ: ಕೆನರಾ ಹೈಸ್ಕೂಲ್ ಅಸೋಸಿಯೇಷನ್.
• ಕೆನರಾ ಹೈಸ್ಕೂಲ್ ಸ್ಥಾಪಕ ಅಮ್ಮೆಂಬಳ ಸುಬ್ಬರಾವ್ ಪೈ (1891). ಕೆನರಾ ಬ್ಯಾಂಕ್ ಸ್ಥಾಪಕರೂ ಅವರೇ (1906).
• ಎಸ್‌ಡಿಎಂ ತಾಂತ್ರಿಕ ಮಹಾವಿದ್ಯಾಲಯ: ಉಜಿರೆ, ಬೆಳ್ತಂಗಡಿ ತಾಲ್ಲೂಕು, ಸ್ಥಾಪನೆ 2007.
• ರುಡ್‌ಸೆಟ್ ಸಂಸ್ಥೆ: ಉಜಿರೆ, 1982. ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸಹಭಾಗಿತ್ವ. ಗ್ರಾಮೀಣ ಯುವಜನರಿಗೆ ಸ್ವ ಉದ್ಯೋಗ ತರಬೇತಿ. ಎಲೆಕ್ಟ್ರಾನಿಕ್ ಉಪಕರಣ ದುರಸ್ತಿಯೂ ತರಬೇತಿ ವಿಷಯ. ದೇಶದ ಆರ್‌ಸೆಟಿ ಕೇಂದ್ರಗಳಿಗೆ ಮಾದರಿ.
• ಮೈಟ್ (ಮ್ಯಾಂಗಲೋರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅಂಡ್ ಎಂಜಿನಿಯರಿಂಗ್): ಬಡಗ ಮಿಜಾರು, ಮೂಡುಬಿದಿರೆ, 2007, ರಾಜಲಕ್ಷ್ಮಿ ಎಜುಕೇಶನ್ ಟ್ರಸ್ಟ್.
• ಆಳ್ವಾಸ್ ತಾಂತ್ರಿಕ ಮಹಾವಿದ್ಯಾಲಯ: ಶೋಭಾವನ, ಮಿಜಾರು, ಮೂಡುಬಿದಿರೆ, 2008, ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಸ್ಥಾಪಕ ಡಾ. ಎಂ. ಮೋಹನ ಆಳ್ವ.
• ಈ ಎಂಜಿನಿಯರಿಂಗ್ ಕಾಲೇಜುಗಳ ಸಂಯೋಜನೆ: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು), ಬೆಳಗಾವಿ, ಸ್ಥಾಪನೆ 1998.
• ಸಮೀಪದ ರಾಷ್ಟ್ರೀಯ ಸಂಸ್ಥೆ: ಎನ್‌ಐಟಿಕೆ ಸುರತ್ಕಲ್. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಆರಂಭ, ಸ್ಥಾಪಕ ಯು. ಶ್ರೀನಿವಾಸ ಮಲ್ಯ; ಎನ್‌ಐಟಿ ಸ್ಥಾನಮಾನ 2002.
• ಮಾಹಿತಿ ಸಂಗ್ರಹದ ಹಳೆಯ ನೆಲೆ: ಮೂಡುಬಿದಿರೆಯ ಸಿದ್ಧಾಂತ ಬಸದಿ. ಧವಲಾ ಗ್ರಂಥದ ತಾಳೆಗರಿ ಪ್ರತಿಗಳು, ಕರ್ತೃ ವೀರಸೇನ, 9ನೇ ಶತಮಾನ, ಲಿಪಿ ಹಳಗನ್ನಡ.
• ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮದ ಕ್ಲಸ್ಟರ್‌ಗಳು: ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿ. ಅನುಷ್ಠಾನ: ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್.

ಅತಿವಾಹಕತೆ: ಮೂಲ ದಿನಾಂಕಗಳು
• ಆವಿಷ್ಕಾರ (ಅತಿ ತಂಪಿನಲ್ಲಿ ವಿದ್ಯುತ್ ರೋಧ ಇಲ್ಲವಾಗುವ ಗುಣ): 8 ಏಪ್ರಿಲ್ 1911, ಲೈಡನ್, ನೆದರ್ಲೆಂಡ್ಸ್. ವಿಜ್ಞಾನಿ: ಹೈಕ್ ಕಾಮರ್ಲಿಂಗ್ ಒನ್ನೆಸ್. ಲೋಹ: ಪಾದರಸ. ತಾಪ: 4.2 ಕೆಲ್ವಿನ್.
• ಒನ್ನೆಸ್: ಹೀಲಿಯಂ ದ್ರವೀಕರಣದ ಮೊದಲಿಗ (1908), ನೊಬೆಲ್ 1913.
• ಮೈಸ್ನರ್ ಪರಿಣಾಮ: 1933, ವಾಲ್ಟರ್ ಮೈಸ್ನರ್, ರಾಬರ್ಟ್ ಓಕ್ಸೆನ್‌ಫೆಲ್ಡ್. ಅತಿವಾಹಕದ ಒಳಗಿನಿಂದ ಕಾಂತಕ್ಷೇತ್ರದ ಹೊರದೂಡಿಕೆ.
• ಬಿಸಿಎಸ್ ಸಿದ್ಧಾಂತ: 1957, ಬಾರ್ಡೀನ್, ಕೂಪರ್, ಶ್ರೀಫರ್, ನೊಬೆಲ್ 1972. ಆಧಾರ: ಕೂಪರ್ ಜೋಡಿ – ಎರಡು ಎಲೆಕ್ಟ್ರಾನ್‌ಗಳ ಬಂಧ.
• ಜಾನ್ ಬಾರ್ಡೀನ್: ಭೌತಶಾಸ್ತ್ರದಲ್ಲಿ ಎರಡು ನೊಬೆಲ್ ಪಡೆದ ಏಕೈಕ ವ್ಯಕ್ತಿ. 1956 ಟ್ರಾನ್ಸಿಸ್ಟರ್‌ಗೆ, 1972 ಅತಿವಾಹಕತೆಗೆ. ಹಾರ್ಡ್‌ವೇರ್ ಇತಿಹಾಸದ ಎರಡೂ ಕವಲುಗಳಲ್ಲಿ ಇರುವ ಹೆಸರು. ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ಬರುವ ಸಾಧ್ಯತೆ ಅತಿ ಹೆಚ್ಚು.
• ಜೋಸೆಫ್‌ಸನ್ ಪರಿಣಾಮ: 1962, ಬ್ರಯಾನ್ ಜೋಸೆಫ್‌ಸನ್, ಕೇಂಬ್ರಿಜ್, ಆಗ ವಯಸ್ಸು 22. ಪ್ರಾಯೋಗಿಕ ದೃಢೀಕರಣ: 1963, ಆಂಡರ್ಸನ್ ಮತ್ತು ರೋವೆಲ್, ಬೆಲ್ ಲ್ಯಾಬ್ಸ್. ನೊಬೆಲ್ 1973 (ಲಿಯೊ ಎಸಾಕಿ, ಐವರ್ ಗಿಯೆವರ್ ಜತೆ).
• ಸ್ಕ್ವಿಡ್: ಅತಿ ಸೂಕ್ಷ್ಮ ಕಾಂತಕ್ಷೇತ್ರ ಮಾಪಕ, 1964, ಫೋರ್ಡ್ ಸಂಶೋಧನಾಲಯ.
• ಸಿರಾಮಿಕ್ ಅತಿವಾಹಕ: 1986, ಬೆಡ್ನೋರ್ಜ್, ಮುಲ್ಲರ್, ಐಬಿಎಂ, ಜ್ಯೂರಿಚ್. ನೊಬೆಲ್ 1987 – ಆವಿಷ್ಕಾರದ ಮರುವರ್ಷವೇ.
• ಕರ್ನಾಟಕ: ಸಿ.ಎನ್.ಆರ್. ರಾವ್, ಐಐಎಸ್‌ಸಿ ಬೆಂಗಳೂರು; ಉನ್ನತ ತಾಪ ಅತಿವಾಹಕಗಳ ಭಾರತೀಯ ಸಂಶೋಧನೆಯ ಮುಂಚೂಣಿ, 1987. ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರ, ಜಕ್ಕೂರು: 1989. ಭಾರತ ರತ್ನ 2014.
• ನೊಬೆಲ್ 2025, ಭೌತಶಾಸ್ತ್ರ: ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್. ಅತಿವಾಹಕ ವಿದ್ಯುನ್ಮಂಡಲದಲ್ಲಿ ಸ್ಥೂಲ ಮಟ್ಟದ ಕ್ವಾಂಟಂ ಸುರಂಗ ಪರಿಣಾಮ ಹಾಗೂ ಶಕ್ತಿಯ ಕ್ವಾಂಟೀಕರಣ.
• ಎಲ್‌ಕೆ-99: ಜುಲೈ 2023, ದಕ್ಷಿಣ ಕೊರಿಯಾ, ಕೊಠಡಿ ತಾಪದ ಅತಿವಾಹಕವೆಂಬ ಹೇಳಿಕೆ. ಇತರ ಪ್ರಯೋಗಾಲಯಗಳಲ್ಲಿ ದೃಢಪಡಲಿಲ್ಲ.

ಸಂಕ್ರಮಣ ತಾಪ (ಕೆಲ್ವಿನ್‌ನಲ್ಲಿ)
• ಅಲ್ಯೂಮಿನಿಯಂ – 1.2
• ಪಾದರಸ – 4.2
• ಟ್ಯಾಂಟಲಂ – 4.5
• ಸೀಸ – 7.2
• ನಿಯೋಬಿಯಂ – 9.2
• ನಿಯೋಬಿಯಂ–ತವರ – 18
• ಮೆಗ್ನೀಸಿಯಂ ಡೈಬೋರೈಡ್ – 39 (ಪತ್ತೆ 2001, ಜಪಾನ್)
• ವೈಬಿಸಿಒ (ಇಟ್ರಿಯಂ–ಬೇರಿಯಂ–ತಾಮ್ರ–ಆಕ್ಸಿಜನ್) – ಸುಮಾರು 93 (1987)
• ಹೋಲಿಕೆಗೆ: ದ್ರವ ಹೀಲಿಯಂ 4.2, ದ್ರವ ನೈಟ್ರೋಜನ್ 77. ಪಟ್ಟಿಯಲ್ಲಿ 77ರ ಮೇಲಿರುವುದು ವೈಬಿಸಿಒ ಒಂದೇ.
• ಅತ್ಯುತ್ತಮ ಸಾಮಾನ್ಯ ವಾಹಕಗಳಾದ ಬೆಳ್ಳಿ, ತಾಮ್ರ, ಚಿನ್ನ: ಸಾಮಾನ್ಯ ಒತ್ತಡದಲ್ಲಿ ಅತಿವಾಹಕಗಳಲ್ಲ.

ಮೆಮೊರಿ: ಸಾಮಾನ್ಯ ಸಾಲು
• ಮ್ಯಾಗ್ನೆಟಿಕ್ ಕೋರ್ ಮೆಮೊರಿ: ಆನ್ ವಾಂಗ್, ಜೇ ಫಾರೆಸ್ಟರ್, ವರ್ಲ್‌ವಿಂಡ್ ಕಂಪ್ಯೂಟರ್, ಎಂಐಟಿ, 1953.
• ಡಿರ್ಯಾಮ್: ರಾಬರ್ಟ್ ಡೆನ್ನಾರ್ಡ್, ಐಬಿಎಂ, ಪೇಟೆಂಟ್ 1968. ಒಂದು ಬಿಟ್‌ಗೆ 1 ಟ್ರಾನ್ಸಿಸ್ಟರ್ + 1 ಕೆಪ್ಯಾಸಿಟರ್. ಪುನಶ್ಚೇತನ ಅವಧಿ ಸಾಮಾನ್ಯವಾಗಿ 64 ಮಿಲಿಸೆಕೆಂಡ್.
• ಎಸ್‌ರ್ಯಾಮ್: ಒಂದು ಬಿಟ್‌ಗೆ ಸಾಮಾನ್ಯವಾಗಿ 6 ಟ್ರಾನ್ಸಿಸ್ಟರ್, ಪುನಶ್ಚೇತನ ಅನಗತ್ಯ, ಬಳಕೆ ಕ್ಯಾಶ್ ಮೆಮೊರಿ.
• ಇಂಟೆಲ್ 1103: ಅಕ್ಟೋಬರ್ 1970, 1 ಕಿಲೋಬಿಟ್ ಡಿರ್ಯಾಮ್.
• ಫ್ಲ್ಯಾಶ್ ಮೆಮೊರಿ: ಫುಜಿಯೊ ಮಸುವೊಕ, ತೋಷಿಬಾ, 1984. ವಿದ್ಯುತ್ ಇಲ್ಲದೆಯೂ ಮಾಹಿತಿ ಉಳಿಕೆ.
• ಮೆಮ್ರಿಸ್ಟರ್: ಲಿಯಾನ್ ಚುವಾ, ಪರಿಕಲ್ಪನೆ 1971, ಎಚ್‌ಪಿ ಪ್ರಯೋಗಾಲಯದ ಸಾಧನ 2008.
• ಐಐಎಸ್‌ಸಿ ಬೆಂಗಳೂರು, ನ್ಯಾನೊ ವಿಜ್ಞಾನ ಕೇಂದ್ರ (ಸೆನ್ಸ್): ಅಣು ಪದರದಲ್ಲಿ ಸುಮಾರು 16,500 ವಾಹಕತಾ ಸ್ಥಿತಿಗಳು; ಶ್ರೀತೋಷ್ ಗೋಸ್ವಾಮಿ ತಂಡ; ‘ನೇಚರ್’ ಪತ್ರಿಕೆ, ಸೆಪ್ಟೆಂಬರ್ 2024. ಎರಡೇ ಸ್ಥಿತಿಯ ಬಿಟ್‌ಗೆ ಪರ್ಯಾಯ. ನ್ಯೂರೊಮಾರ್ಫಿಕ್ ಗಣನೆಯ ನೆಲೆ.

ಅತಿವಾಹಕ ಮೆಮೊರಿ
• ತತ್ತ್ವ: ಅತಿವಾಹಕ ಬಳೆಯಲ್ಲಿ ನಿರಂತರ ಪ್ರವಾಹ. ಪ್ರವಾಹ ಇದೆ = 1; ಇಲ್ಲ = 0. ಅಥವಾ ಪ್ರವಾಹದ ದಿಕ್ಕು ಎಡ, ಬಲ.
• ನಿರಂತರ ಪ್ರವಾಹದ ಆಯುಷ್ಯ: 1963ರ ಫೈಲ್–ಮಿಲ್ಸ್ ಅಳತೆಯ ಪ್ರಕಾರ ಕ್ಷಯಕಾಲ 1,00,000 ವರ್ಷಕ್ಕೂ ಹೆಚ್ಚು.
• ಬಳೆಯೊಳಗಿನ ಕಾಂತ ಅಭಿವಾಹದ ಕನಿಷ್ಠ ಪ್ರಮಾಣ – ಅಭಿವಾಹ ಕ್ವಾಂಟಂ: 2.07 × 10⁻¹⁵ ವೆಬರ್. ಪ್ಲ್ಯಾಂಕ್ ಸ್ಥಿರಾಂಕ ÷ (2 × ಎಲೆಕ್ಟ್ರಾನ್ ಆವೇಶ). ಛೇದದ 2 ಕೂಪರ್ ಜೋಡಿಯಿಂದ.
• ಜೋಸೆಫ್‌ಸನ್ ಸ್ಥಿರಾಂಕ: ವೋಲ್ಟ್‌ಗೆ 4,83,597.8 ಗಿಗಾಹರ್ಟ್ಸ್. ವೋಲ್ಟ್ ಮಾನಕದ ಆಧಾರ.
• ಮೊದಲ ಅತಿವಾಹಕ ಸ್ವಿಚ್: ಕ್ರಯೊಟ್ರಾನ್. ವಿನ್ಯಾಸಕ ಡಡ್ಲಿ ಬಕ್, ಎಂಐಟಿ ಲಿಂಕನ್ ಲ್ಯಾಬೊರೇಟರಿ. ಪ್ರಬಂಧ ಪ್ರಕಟಣೆ 1956.
• ಕ್ರಯೊಟ್ರಾನ್ ರಚನೆ: ಟ್ಯಾಂಟಲಂ ತಂತಿಯ ಮೇಲೆ ಸುತ್ತಿದ ನಿಯೋಬಿಯಂ ತಂತಿ. ಕೆಲಸದ ತಾಪ 4.2 ಕೆಲ್ವಿನ್. ಸುರುಳಿಯ ಕಾಂತಕ್ಷೇತ್ರದಿಂದ ಟ್ಯಾಂಟಲಂ ಅತಿವಾಹಕತೆ ಕಳೆದುಕೊಳ್ಳುವಿಕೆ. ನಿಯೋಬಿಯಂ ಅತಿವಾಹಕವಾಗಿಯೇ ಉಳಿಕೆ. ಮೇಲಿನ ಪಟ್ಟಿಯ 4.5 ಮತ್ತು 9.2 ಅಂಕಿಗಳ ಅರ್ಥ ಇಲ್ಲಿ.
• ಡಡ್ಲಿ ಬಕ್: ಜನನ 1927, ನಿಧನ 1959, ವಯಸ್ಸು 32. ಫೆರೊಎಲೆಕ್ಟ್ರಿಕ್ ಮೆಮೊರಿ (ಎಂಐಟಿ ಪ್ರೌಢಪ್ರಬಂಧ, 1952) ಮತ್ತು ವಿಷಯಾಧಾರಿತ ಹುಡುಕಾಟದ ಮೆಮೊರಿಯ ಆದ್ಯ ಚಿಂತಕ. ಪಠ್ಯಪುಸ್ತಕಗಳು ಮರೆತ ಹೆಸರು, ನೆನಪಿಡಲೇಬೇಕಾದದ್ದು.
• ಐಬಿಎಂ ಜೋಸೆಫ್‌ಸನ್ ಕಂಪ್ಯೂಟರ್ ಯೋಜನೆ: 1983ರಲ್ಲಿ ಸ್ಥಗಿತ. ಪ್ರಮುಖ ತೊಡಕು: ವೇಗದ ಕ್ಯಾಶ್ ಮೆಮೊರಿ ಚಿಪ್. ಜತೆಗೆ ಸಿಲಿಕಾನ್ ಚಿಪ್‌ಗಳ ತ್ವರಿತ ಸುಧಾರಣೆ.
• ನಿಯೋಬಿಯಂ–ಅಲ್ಯೂಮಿನಿಯಂ ಆಕ್ಸೈಡ್–ನಿಯೋಬಿಯಂ ಸಂಧಿ: ಬೆಲ್ ಲ್ಯಾಬ್ಸ್, 1983. ಇಂದಿಗೂ ಬಳಕೆಯ ಮುಖ್ಯ ರಚನೆ.
• ಆರ್‌ಎಸ್‌ಎಫ್‌ಕ್ಯೂ ತರ್ಕ (ಕ್ಷಿಪ್ರ ಏಕ ಅಭಿವಾಹ ಕ್ವಾಂಟಂ): 1985, ಲಿಖರೆವ್, ಮುಖಾನೊವ್, ಸೆಮೆನೊವ್, ಮಾಸ್ಕೋ ವಿಶ್ವವಿದ್ಯಾಲಯ.
• ದಾಖಲೆ: 770 ಗಿಗಾಹರ್ಟ್ಸ್ ಫ್ಲಿಪ್‌ಫ್ಲಾಪ್ ವಿಭಾಜಕ, 1999.
• ಒಂದು ಸ್ವಿಚಿಂಗ್‌ನ ಶಕ್ತಿ: 0.1 ಮಿಲಿಆಂಪಿಯರ್ ಸಂಧಿಗೆ ಸುಮಾರು 2 × 10⁻¹⁹ ಜೂಲ್.
• ಲ್ಯಾಂಡವರ್ ಮಿತಿ (1961, ರಾಲ್ಫ್ ಲ್ಯಾಂಡವರ್): ಒಂದು ಬಿಟ್ ಅಳಿಸಲು ಬೇಕಾದ ಕನಿಷ್ಠ ಶಕ್ತಿ. 300 ಕೆಲ್ವಿನ್‌ನಲ್ಲಿ 2.9 × 10⁻²¹ ಜೂಲ್, 4.2 ಕೆಲ್ವಿನ್‌ನಲ್ಲಿ 4 × 10⁻²³ ಜೂಲ್.
• ಎನ್‌ಟ್ರಾನ್ (ನ್ಯಾನೊಕ್ರಯೊಟ್ರಾನ್): ಎಂಐಟಿ, 2014. ಬಕ್ ಕಲ್ಪನೆಯ ನ್ಯಾನೊತಂತಿ ರೂಪ.
• ಐಎಆರ್‌ಪಿಎ ಸಿ3 ಕಾರ್ಯಕ್ರಮ, ಅಮೆರಿಕ: 2014, ಅತಿವಾಹಕ ತರ್ಕ ಹಾಗೂ ಕ್ರಯೋಜೆನಿಕ್ ಮೆಮೊರಿ.
• ಸಂಶೋಧನೆಯಲ್ಲಿರುವ ಬಗೆಗಳು: ಅಭಿವಾಹ ಬಳೆ ಕೋಶ, ಕಾಂತೀಯ ಜೋಸೆಫ್‌ಸನ್ ಸಂಧಿ, ನ್ಯಾನೊತಂತಿ ಕೋಶ, ಜೋಸೆಫ್‌ಸನ್–ಸಿಮಾಸ್ ಮಿಶ್ರ ಮೆಮೊರಿ.
• ಮುಖ್ಯ ದೌರ್ಬಲ್ಯ: ಕಡಿಮೆ ಸಾಂದ್ರತೆ. ಬಳೆಯ ಇಂಡಕ್ಟನ್ಸ್‌ಗೆ ಜಾಗ ಬೇಕು. ಡಿರ್ಯಾಮ್‌ನಷ್ಟು ಸಣ್ಣ ಕೋಶ ಇದುವರೆಗೆ ಸಾಧ್ಯವಾಗಿಲ್ಲ.
• ಶೀತಲೀಕರಣದ ವೆಚ್ಚ: 4.2 ಕೆಲ್ವಿನ್‌ನಿಂದ 1 ವ್ಯಾಟ್ ಶಾಖ ಹೊರತೆಗೆಯಲು ಆದರ್ಶ ಕಾರ್ನೊ ಯಂತ್ರಕ್ಕೆ ಸುಮಾರು 70 ವ್ಯಾಟ್. ವಾಸ್ತವ ಯಂತ್ರಗಳಿಗೆ ಹಲವು ನೂರು ವ್ಯಾಟ್.
• ತೀರ್ಮಾನ: ಅತಿವಾಹಕ ಮೆಮೊರಿ ತಾಲ್ಲೂಕು ಕಾಲೇಜಿನ ಪ್ರಯೋಗಾಲಯಕ್ಕೆ ಇಂದು ಎಟುಕದ ವಿಷಯ. ಅಡ್ಡಿ ಬುದ್ಧಿಯದ್ದಲ್ಲ, ದ್ರವ ಹೀಲಿಯಂ ಮತ್ತು ನ್ಯಾನೊ ತಯಾರಿಕಾ ಘಟಕದ್ದು. ಸಿದ್ಧಾಂತ, ಸರ್ಕ್ಯೂಟ್ ಸಿಮ್ಯುಲೇಶನ್ ಎರಡೂ ಸಾಮಾನ್ಯ ಕಂಪ್ಯೂಟರ್‌ನಲ್ಲಿ ಸಾಧ್ಯ.

ಅತಿವಾಹಕ ಕ್ವಾಂಟಂ ಹಾರ್ಡ್‌ವೇರ್: ಭಾರತ, ಕರ್ನಾಟಕ
• ರಾಷ್ಟ್ರೀಯ ಕ್ವಾಂಟಂ ಮಿಷನ್: ಸಂಪುಟ ಒಪ್ಪಿಗೆ 19 ಏಪ್ರಿಲ್ 2023; ₹6,003.65 ಕೋಟಿ, ಅವಧಿ 2023–24ರಿಂದ 2030–31. ಗುರಿ: 50ರಿಂದ 1,000 ಭೌತಿಕ ಕ್ಯೂಬಿಟ್.
• ನಾಲ್ಕು ಹಬ್‌ಗಳು: ಕ್ವಾಂಟಂ ಕಂಪ್ಯೂಟಿಂಗ್ – ಐಐಎಸ್‌ಸಿ ಬೆಂಗಳೂರು, ಸಂವಹನ – ಐಐಟಿ ಮದ್ರಾಸ್, ಸಂವೇದನ – ಐಐಟಿ ಬಾಂಬೆ, ವಸ್ತು ಮತ್ತು ಸಾಧನ – ಐಐಟಿ ದೆಹಲಿ.
• ಕ್ಯೂಪಿಎಐ-ಇಂಡಸ್: 25 ಅತಿವಾಹಕ ಕ್ಯೂಬಿಟ್, ಬೆಂಗಳೂರು, ಏಪ್ರಿಲ್ 2025.
• ಕರ್ನಾಟಕ ಕ್ವಾಂಟಂ ಮಿಷನ್: ₹1,000 ಕೋಟಿ, ಘೋಷಣೆ 2025. ಕ್ವಾಂಟಂ ಸಿಟಿ: ಹೆಸರಘಟ್ಟ.

ವಿನ್ಯಾಸದ ಉಪಕರಣಗಳು
• ಟ್ರಾನ್ಸಿಸ್ಟರ್ ಪ್ರದರ್ಶನ: 23 ಡಿಸೆಂಬರ್ 1947, ಬೆಲ್ ಲ್ಯಾಬ್ಸ್. ಐಸಿ: ಜ್ಯಾಕ್ ಕಿಲ್ಬಿ, 12 ಸೆಪ್ಟೆಂಬರ್ 1958 (ನೊಬೆಲ್ 2000). ಮೈಕ್ರೋಪ್ರೊಸೆಸರ್: ಇಂಟೆಲ್ 4004, ನವೆಂಬರ್ 1971, 2,300 ಟ್ರಾನ್ಸಿಸ್ಟರ್.
• ಸ್ಪೈಸ್ ಸಿಮ್ಯುಲೇಟರ್: ಬರ್ಕ್ಲಿ, 1973. ವೆರಿಲಾಗ್: 1984. ವಿಎಚ್‌ಡಿಎಲ್ ಐಇಇಇ ಮಾನಕ: 1987. ಎಫ್‌ಪಿಜಿಎ: ಝೈಲಿಂಕ್ಸ್ ಎಕ್ಸ್‌ಸಿ2064, 1985. ರಿಸ್ಕ್-ಫೈವ್: ಬರ್ಕ್ಲಿ, 2010.
• ಉಚಿತ ತಂತ್ರಾಂಶ: ಕೈಕ್ಯಾಡ್ (1992, ಫ್ರಾನ್ಸ್) – ಪಿಸಿಬಿ ವಿನ್ಯಾಸ, ಇ-ಸಿಮ್ – ಐಐಟಿ ಬಾಂಬೆ, ಫೋಸಿ ಯೋಜನೆ.
• ಇಂಡಿಯಾ ಸೆಮಿಕಂಡಕ್ಟರ್ ಮಿಷನ್: 2021, ₹76,000 ಕೋಟಿ. ಚಿಪ್ಸ್ ಟು ಸ್ಟಾರ್ಟಪ್: ಗುರಿ 85,000 ಎಂಜಿನಿಯರ್, ವಿನ್ಯಾಸ ತಂತ್ರಾಂಶ ಹಂಚಿಕೆ ‘ಚಿಪ್‌ಇನ್’ ಕೇಂದ್ರದಿಂದ – ಸಿ-ಡ್ಯಾಕ್, ಬೆಂಗಳೂರು.
• ವಿಕ್ರಮ್ 3201: 32 ಬಿಟ್ ಪ್ರೊಸೆಸರ್, ಇಸ್ರೊ ಮತ್ತು ಎಸ್‌ಸಿಎಲ್ ಮೊಹಾಲಿ, 180 ನ್ಯಾನೊಮೀಟರ್, ಸೆಪ್ಟೆಂಬರ್ 2025ರಲ್ಲಿ ಸೆಮಿಕಾನ್ ಇಂಡಿಯಾದಲ್ಲಿ ಪ್ರದರ್ಶನ.

ಕರ್ನಾಟಕದ ಹಾರ್ಡ್‌ವೇರ್: ಮೊದಲುಗಳು
• ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್): ಬೆಂಗಳೂರು, 1948, ಸ್ವಾತಂತ್ರ್ಯಾನಂತರದ ಮೊದಲ ಸಾರ್ವಜನಿಕ ಉದ್ಯಮ.
• ಬಿಇಎಲ್: ಬೆಂಗಳೂರು, 1954, ನವರತ್ನ 2007. ವಿದ್ಯುನ್ಮಾನ ಮತಯಂತ್ರದ ಎರಡು ತಯಾರಕ ಸಂಸ್ಥೆಗಳಲ್ಲಿ ಒಂದು. ಇನ್ನೊಂದು ಇಸಿಐಎಲ್ ಹೈದರಾಬಾದ್.
• ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ವಿನ್ಯಾಸ ಕೇಂದ್ರ: ಬೆಂಗಳೂರು, 1985.
• ಸಿ-ಡಾಟ್ ಗ್ರಾಮೀಣ ಟೆಲಿಫೋನ್ ವಿನಿಮಯ ಕೇಂದ್ರ (ರ್ಯಾಕ್ಸ್), 128 ಪೋರ್ಟ್: ಮೊದಲ ಸ್ಥಾಪನೆ ಕಿತ್ತೂರು, ಬೆಳಗಾವಿ ಜಿಲ್ಲೆ, ಜುಲೈ 1986. ಧೂಳು, ಸೆಕೆ, ವಿದ್ಯುತ್ ಏರಿಳಿತ ತಾಳುವ, ಹವಾನಿಯಂತ್ರಣ ಬೇಡದ ವಿನ್ಯಾಸ. ಭಾರತೀಯ ಹಾರ್ಡ್‌ವೇರ್ ಇತಿಹಾಸದ ಅತಿ ದೊಡ್ಡ ಸಾಧನೆಗಳಲ್ಲಿ ಒಂದು.
• ಫ್ಲೊಸಾಲ್ವರ್: ಭಾರತದ ಮೊದಲ ಸಮಾಂತರ ಕಂಪ್ಯೂಟರ್, ಎನ್‌ಎಎಲ್ ಬೆಂಗಳೂರು, 1986. ಪರಮ್ 8000 (ಪುಣೆ) 1991 – ನಂತರದ್ದು.
• ಸಿಂಪ್ಯೂಟರ್: ಐಐಎಸ್‌ಸಿ ಪ್ರಾಧ್ಯಾಪಕರ ವಿನ್ಯಾಸ, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್. ಅಮಿಡಾ ಸಿಂಪ್ಯೂಟರ್: 2004, ತಯಾರಿಕೆ ಬಿಇಎಲ್.
• ಕನ್ನಡ ಕೀಲಿಮಣೆ ವಿನ್ಯಾಸ: ಕೆ.ಪಿ. ರಾವ್ (ಕಿನ್ನಿಕಂಬ್ಳ ಪದ್ಮನಾಭ ರಾವ್). ಹುಟ್ಟೂರು ಮಂಗಳೂರು ಬಳಿಯ ಕಿನ್ನಿಕಂಬ್ಳ.

ರೇಡಾರ್: ಇತಿಹಾಸ
• ವಿದ್ಯುತ್ಕಾಂತೀಯ ಅಲೆಗಳ ಪ್ರಾಯೋಗಿಕ ಸಾಕ್ಷ್ಯ: ಹೈನ್ರಿಶ್ ಹರ್ಟ್ಸ್, 1886–88.
• ಮಿಲಿಮೀಟರ್ ಅಲೆಗಳ ಪ್ರಯೋಗ: ಜಗದೀಶ್ ಚಂದ್ರ ಬೋಸ್, ಕೋಲ್ಕತ್ತ, 1895, 60 ಗಿಗಾಹರ್ಟ್ಸ್‌ವರೆಗೆ. ಗೆಲೀನಾ ಸಂಸೂಚಕದ ಅಮೆರಿಕ ಪೇಟೆಂಟ್ 1904.
• ಟೆಲಿಮೊಬಿಲೊಸ್ಕೋಪ್: ಕ್ರಿಶ್ಚಿಯನ್ ಹುಲ್ಸ್‌ಮೇಯರ್, ಜರ್ಮನಿ, 1904. ಹಡಗುಗಳ ಪತ್ತೆ, ದೂರದ ನೇರ ಅಳತೆ ಇಲ್ಲ.
• ಡಾವೆಂಟ್ರಿ ಪ್ರಯೋಗ: 26 ಫೆಬ್ರವರಿ 1935, ರಾಬರ್ಟ್ ವಾಟ್ಸನ್-ವಾಟ್, ಬಿಬಿಸಿ ಕಿರುತರಂಗ ಪ್ರೇಷಕ, ಹೇಫರ್ಡ್ ಬಾಂಬರ್ ವಿಮಾನ.
• ಕ್ಯಾವಿಟಿ ಮ್ಯಾಗ್ನೆಟ್ರಾನ್: ರಾಂಡಲ್, ಬೂಟ್, ಬರ್ಮಿಂಗ್‌ಹ್ಯಾಮ್, 1940, ತರಂಗದೂರ ಸುಮಾರು 10 ಸೆಂ.ಮೀ.
• ಕ್ಲೈಸ್ಟ್ರಾನ್: ವೇರಿಯನ್ ಸಹೋದರರು, 1937. ಗನ್ ಡಯೋಡ್: ಜೆ.ಬಿ. ಗನ್, ಐಬಿಎಂ, 1963. ಎಂಜಿನಿಯರಿಂಗ್ ಕಾಲೇಜುಗಳ ಮೈಕ್ರೋವೇವ್ ಬೆಂಚ್‌ನಲ್ಲಿ ಇಂದಿಗೂ ಕಾಣುವ ಎರಡು ಮೂಲಗಳು, ಬ್ಯಾಂಡ್: ಎಕ್ಸ್.
• ಸಿಂಥೆಟಿಕ್ ಅಪರ್ಚರ್ ರೇಡಾರ್ (ಸಾರ್): ಕಾರ್ಲ್ ವೈಲಿ, 1951.

ಬ್ಯಾಂಡ್‌ಗಳು (ಗಿಗಾಹರ್ಟ್ಸ್)
• ಎಲ್ 1–2; ಎಸ್ 2–4; ಸಿ 4–8; ಎಕ್ಸ್ 8–12; ಕೆಯು 12–18; ಕೆ 18–27; ಕೆಎ 27–40.
• ಮಳೆಯಿಂದ ಸಂಕೇತ ಕ್ಷೀಣತೆ: ಎಲ್, ಎಸ್ ಬ್ಯಾಂಡ್‌ಗಳಲ್ಲಿ ಅತ್ಯಲ್ಪ, 10 ಗಿಗಾಹರ್ಟ್ಸ್ ಮೇಲೆ ಗಣನೀಯ. ಕರಾವಳಿಯ ಮುಂಗಾರಿನಲ್ಲಿ ಬ್ಯಾಂಡ್ ಆಯ್ಕೆಗೆ ನೇರ ಸಂಬಂಧ.

ರೇಡಾರ್ ಸೂತ್ರಗಳು
• ದೂರ = ಬೆಳಕಿನ ವೇಗ × ಕಾಲ ÷ 2. 1 ಮೈಕ್ರೋಸೆಕೆಂಡ್ = 150 ಮೀಟರ್. 1 ಕಿ.ಮೀ. ದೂರದ ಪ್ರತಿಧ್ವನಿ = 6.67 ಮೈಕ್ರೋಸೆಕೆಂಡ್.
• ಗ್ರಹಿತ ಶಕ್ತಿ ದೂರದ ನಾಲ್ಕನೇ ಘಾತಕ್ಕೆ ವಿಲೋಮ. ವ್ಯಾಪ್ತಿ 2 ಪಟ್ಟು ಆಗಬೇಕಾದರೆ ಶಕ್ತಿ 16 ಪಟ್ಟು.
• ದೂರದ ಪೃಥಕ್ಕರಣ = ಬೆಳಕಿನ ವೇಗ ÷ (2 × ಬ್ಯಾಂಡ್‌ವಿಡ್ತ್). ಪ್ರೇಷಕ ಶಕ್ತಿಗೆ ಸಂಬಂಧವಿಲ್ಲ – ಅಭ್ಯರ್ಥಿಗಳು ಹೆಚ್ಚು ತಪ್ಪುವ ಅಂಶ.
• ಡಾಪ್ಲರ್ ವ್ಯತ್ಯಾಸ = 2 × ವೇಗ ÷ ತರಂಗದೂರ. ಡಾಪ್ಲರ್ ಪರಿಣಾಮ: ಕ್ರಿಶ್ಚಿಯನ್ ಡಾಪ್ಲರ್, 1842.

ವಿದ್ಯಾರ್ಥಿ ನಿರ್ಮಿತ ರೇಡಾರ್: ಮಾದರಿ ವಿನ್ಯಾಸ
• ಮೂಲ: ಎಂಐಟಿ, ಜನವರಿ 2011ರ ಕಿರು ಕೋರ್ಸ್, ಬೋಧನಾ ನೇತೃತ್ವ ಗ್ರೆಗರಿ ಚಾರ್ವಟ್, ಲಿಂಕನ್ ಲ್ಯಾಬೊರೇಟರಿ. ಕ್ರಯೊಟ್ರಾನ್ ಹುಟ್ಟಿದ್ದೂ ಇದೇ ಲಿಂಕನ್ ಲ್ಯಾಬೊರೇಟರಿಯಲ್ಲಿ.
• ಪಾಠ ಸಾಮಗ್ರಿ: ಎಂಐಟಿ ಓಪನ್ ಕೋರ್ಸ್‌ವೇರ್‌ನಲ್ಲಿ ಉಚಿತ.
• ಅಳೆಯುವ ಮೂರು ಅಂಶ: ವೇಗ, ದೂರ, ಸಾರ್ ಚಿತ್ರ.
• ಬಗೆ: ಎಫ್‌ಎಂಸಿಡಬ್ಲ್ಯು – ಆವೃತ್ತಿ ಬದಲಿಸುವ ನಿರಂತರ ಅಲೆ.
• ಆವೃತ್ತಿ: 2.4 ಗಿಗಾಹರ್ಟ್ಸ್ (ಎಸ್ ಬ್ಯಾಂಡ್). ತರಂಗದೂರ 12.5 ಸೆಂ.ಮೀ.
• ಪ್ರೇಷಕ ಶಕ್ತಿ: ಸುಮಾರು 10 ಮಿಲಿವ್ಯಾಟ್. ಗರಿಷ್ಠ ವ್ಯಾಪ್ತಿ: ದೊಡ್ಡ ಗುರಿಗೆ ಸುಮಾರು 1 ಕಿ.ಮೀ.
• ಭಾಗಗಳ ವೆಚ್ಚ: ಆಗಿನ ಲೆಕ್ಕದಲ್ಲಿ ಸುಮಾರು 360 ಡಾಲರ್. ವಿದ್ಯುತ್: ಎಎ ಸೆಲ್‌ಗಳು.
• ಆಂಟೆನಾ: ಕಾಫಿ ಪುಡಿಯ ತಗಡಿನ ಡಬ್ಬಿ, ಎರಡು – ಒಂದು ಪ್ರೇಷಣೆಗೆ, ಒಂದು ಗ್ರಹಣಕ್ಕೆ. ಒಳಗೆ ಕಾಲು ತರಂಗದೂರದ ತಂತಿ: ಸುಮಾರು 3 ಸೆಂ.ಮೀ.
• ಡಬ್ಬಿಯ ವ್ಯಾಸದ ಲೆಕ್ಕ: 10 ಸೆಂ.ಮೀ. ವ್ಯಾಸಕ್ಕೆ ಕಡಿತ ಆವೃತ್ತಿ 1.76 ಗಿಗಾಹರ್ಟ್ಸ್, 2.4 ಅದಕ್ಕಿಂತ ಹೆಚ್ಚು, ಆದ್ದರಿಂದ ಅಲೆ ಸಾಗುತ್ತದೆ. 7 ಸೆಂ.ಮೀ. ವ್ಯಾಸಕ್ಕೆ ಕಡಿತ 2.51 ಗಿಗಾಹರ್ಟ್ಸ್, ಆ ಡಬ್ಬಿ ನಿಷ್ಪ್ರಯೋಜಕ.
• ಸರಣಿ: ತ್ರಿಕೋನ ಅಲೆ ಉತ್ಪಾದಕ (ಎಕ್ಸ್‌ಆರ್-2206) → ವೋಲ್ಟೇಜ್ ನಿಯಂತ್ರಿತ ಆಂದೋಲಕ → ವರ್ಧಕ → ವಿಭಾಜಕ → ಪ್ರೇಷಕ ಆಂಟೆನಾ; ಗ್ರಾಹಕ ಆಂಟೆನಾ → ಕಡಿಮೆ ಗದ್ದಲದ ವರ್ಧಕ → ಮಿಕ್ಸರ್ → ಶೋಧಕ → ಲ್ಯಾಪ್‌ಟಾಪ್‌ನ ಧ್ವನಿ ಕಾರ್ಡ್.
• ಬ್ಯಾಂಡ್‌ವಿಡ್ತ್ 80 ಮೆಗಾಹರ್ಟ್ಸ್ ಆದರೆ ಪೃಥಕ್ಕರಣ 1.875 ಮೀಟರ್.
• ಏರಿಕೆ ಕಾಲ 20 ಮಿಲಿಸೆಕೆಂಡ್ ಆದರೆ 100 ಮೀಟರ್ ದೂರದ ಗುರಿಗೆ ವಿಸ್ಪಂದ ಆವೃತ್ತಿ 2,667 ಹರ್ಟ್ಸ್. 10 ಮೀಟರ್‌ಗೆ 267 ಹರ್ಟ್ಸ್.
• ವೇಗ: ಸೆಕೆಂಡಿಗೆ 1 ಮೀಟರ್‌ಗೆ 16 ಹರ್ಟ್ಸ್. ಗಂಟೆಗೆ 72 ಕಿ.ಮೀ. ವಾಹನಕ್ಕೆ 320 ಹರ್ಟ್ಸ್.
• ದೂರ, ವೇಗ ಸೂಚಿಸುವ ಈ ಎರಡೂ ಆವೃತ್ತಿಗಳು ಬಹುತೇಕ ಮನುಷ್ಯನ ಕಿವಿಗೆ ಕೇಳುವ ಶ್ರೇಣಿಯಲ್ಲಿ. 44.1 ಕಿಲೋಹರ್ಟ್ಸ್ ಧ್ವನಿ ಕಾರ್ಡ್‌ನ ನೈಕ್ವಿಸ್ಟ್ ಮಿತಿ 22.05 ಕಿಲೋಹರ್ಟ್ಸ್, ಪ್ರತ್ಯೇಕ ದುಬಾರಿ ಡಿಜಿಟೈಸರ್ ಅನಗತ್ಯ. ವಿನ್ಯಾಸದ ನಿಜವಾದ ಜಾಣ್ಮೆ ಇದೇ. ಡಬ್ಬಿ ಆಂಟೆನಾ ಅಲ್ಲ.
• ಸಾರ್ ಚಿತ್ರ: ರೇಡಾರ್ ಅನ್ನು ಸರಳರೇಖೆಯಲ್ಲಿ 2 ಅಂಗುಲದ ಹೆಜ್ಜೆಗಳಲ್ಲಿ ಸರಿಸುವುದು, ಅರ್ಧ ತರಂಗದೂರ 6.25 ಸೆಂ.ಮೀ.ಗಿಂತ ಕಡಿಮೆ. ಲೆಕ್ಕಾಚಾರ: ಮ್ಯಾಟ್‌ಲ್ಯಾಬ್.
• ಭಾರತದಲ್ಲಿ ಪರವಾನಗಿ: 2.4–2.4835 ಗಿಗಾಹರ್ಟ್ಸ್ ಬ್ಯಾಂಡ್‌ನ ಕಡಿಮೆ ಶಕ್ತಿಯ ಉಪಕರಣಗಳಿಗೆ ವಿನಾಯಿತಿ ನಿಯಮ 2005. ಪರಿಣಾಮಕಾರಿ ವಿಕಿರಣ ಶಕ್ತಿಯ ಮಿತಿ 4 ವ್ಯಾಟ್. ತರಂಗಾಂತರ ಹಂಚಿಕೆ ಪ್ರಾಧಿಕಾರ: ಡಬ್ಲ್ಯುಪಿಸಿ, 1952.
• ಪ್ರತಿಸ್ಪರ್ಧಿ: ಅದೇ ಬ್ಯಾಂಡ್‌ನ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ (2.45 ಗಿಗಾಹರ್ಟ್ಸ್). ಪ್ರಯೋಗಕ್ಕೆ ತೆರೆದ ಮೈದಾನ ಉತ್ತಮ.
• ಇನ್ನೂ ಸರಳ ಪ್ರಯೋಗ: 10.525 ಗಿಗಾಹರ್ಟ್ಸ್ ಡಾಪ್ಲರ್ ಮಾಡ್ಯೂಲ್ (ಎಕ್ಸ್ ಬ್ಯಾಂಡ್). ಸೆಕೆಂಡಿಗೆ 1 ಮೀಟರ್‌ಗೆ ಸುಮಾರು 70 ಹರ್ಟ್ಸ್. ವೇಗ ಮಾತ್ರ, ದೂರ ಸಿಗದು.
• ತೀರ್ಮಾನ: ಬೆಂಜನಪದವು, ಉಜಿರೆ, ಮಿಜಾರಿನ ಅಂತಿಮ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳ ತಂಡಕ್ಕೆ ಪೂರ್ಣ ಸಾಧ್ಯವಿರುವ ಹಾರ್ಡ್‌ವೇರ್ ಯೋಜನೆ.

ವಿದ್ಯಾರ್ಥಿ ಉಪಗ್ರಹಗಳು, ಕರ್ನಾಟಕ
• ಸ್ಟಡ್‌ಸ್ಯಾಟ್: 12 ಜುಲೈ 2010, ಪಿಎಸ್‌ಎಲ್‌ವಿ-ಸಿ15, ಭಾರತದ ಮೊದಲ ಪಿಕೊ ಉಪಗ್ರಹ, ತೂಕ 1 ಕೆ.ಜಿ.ಗಿಂತ ಕಡಿಮೆ; ಬೆಂಗಳೂರು, ಹೈದರಾಬಾದಿನ 7 ಎಂಜಿನಿಯರಿಂಗ್ ಕಾಲೇಜುಗಳು; ಮುಂಚೂಣಿ: ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆ, ಬೆಂಗಳೂರು.
• ಪೈಸ್ಯಾಟ್: 26 ಸೆಪ್ಟೆಂಬರ್ 2016, ಪಿಎಸ್‌ಎಲ್‌ವಿ-ಸಿ35, ಪಿಇಎಸ್ ವಿಶ್ವವಿದ್ಯಾಲಯ, ಬೆಂಗಳೂರು, 5.25 ಕೆ.ಜಿ. ಅದೇ ಉಡಾವಣೆಯ ಮುಖ್ಯ ಉಪಗ್ರಹ ಸ್ಕ್ಯಾಟ್‌ಸ್ಯಾಟ್-1: ಕೆಯು ಬ್ಯಾಂಡ್ ಸ್ಕ್ಯಾಟರೊಮೀಟರ್ – ಸಾಗರದ ಗಾಳಿ ಅಳೆಯುವ ರೇಡಾರ್.

ಎಲ್‌ಆರ್‌ಡಿಇ, ಬೆಂಗಳೂರು: ರೇಡಾರ್‌ಗಳು
• ಸಿ.ವಿ. ರಾಮನ್ ನಗರ, ಡಿಆರ್‌ಡಿಒ ಪ್ರಯೋಗಾಲಯ, ಸ್ಥಾಪಕ ಎಸ್.ಪಿ. ಚಕ್ರವರ್ತಿ.
• ರಾಜೇಂದ್ರ – ಆಕಾಶ್ ಕ್ಷಿಪಣಿ ವ್ಯವಸ್ಥೆ. ಪ್ಯಾಸಿವ್ ಫೇಸ್ಡ್ ಅರೇ.
• ರೋಹಿಣಿ – ವಾಯುಪಡೆ. ರೇವತಿ – ನೌಕಾಪಡೆ. ಎರಡೂ ಎಸ್ ಬ್ಯಾಂಡ್, ಮೂರು ಆಯಾಮ.
• ಭರಣಿ – ಭೂಸೇನೆ, ಎರಡು ಆಯಾಮ. ಅಶ್ಲೇಷಾ – ವಾಯುಪಡೆ, ಮೂರು ಆಯಾಮ.
• ಸ್ವಾತಿ – ಶತ್ರು ಫಿರಂಗಿಯ ಸ್ಥಾನ ಪತ್ತೆ, ಸಿ ಬ್ಯಾಂಡ್, ಆರ್ಮೇನಿಯಾಕ್ಕೆ ರಫ್ತು 2020.
• ಅರುಧ್ರ – ಮಧ್ಯಮ ಶಕ್ತಿ ರೇಡಾರ್. ಬಿಇಎಲ್ ಒಪ್ಪಂದ ಮಾರ್ಚ್ 2023, ₹2,800 ಕೋಟಿಗೂ ಹೆಚ್ಚು.
• ಅಶ್ವಿನಿ – ಕೆಳಮಟ್ಟದ ಸಾಗಿಸಬಲ್ಲ ರೇಡಾರ್. ಒಪ್ಪಂದ ಮಾರ್ಚ್ 2025, ₹2,906 ಕೋಟಿ.
• ಉತ್ತಮ್ – ತೇಜಸ್ ಯುದ್ಧವಿಮಾನಕ್ಕೆ. ಎಇಎಸ್‌ಎ, ಎಕ್ಸ್ ಬ್ಯಾಂಡ್.
• ನೇತ್ರ – ವಾಯು ಮುನ್ನೆಚ್ಚರಿಕೆ ವಿಮಾನ, ವಿನ್ಯಾಸ ಕ್ಯಾಬ್ಸ್ ಬೆಂಗಳೂರು, ಎಂಬ್ರೇರ್ 145, ಹಸ್ತಾಂತರ ಫೆಬ್ರವರಿ 2017.

ಬಾಹ್ಯಾಕಾಶ ರೇಡಾರ್
• ರಿಸ್ಯಾಟ್-2: 20 ಏಪ್ರಿಲ್ 2009, ಎಕ್ಸ್ ಬ್ಯಾಂಡ್, ಇಸ್ರೇಲ್ ನಿರ್ಮಿತ.
• ರಿಸ್ಯಾಟ್-1: 26 ಏಪ್ರಿಲ್ 2012, ಪಿಎಸ್‌ಎಲ್‌ವಿ-ಸಿ19, ಸಿ ಬ್ಯಾಂಡ್, 1,858 ಕೆ.ಜಿ.; ಮೊದಲ ಸ್ವದೇಶಿ ಸಾರ್ ಉಪಗ್ರಹ. ಸಂಖ್ಯೆ 1, ಉಡಾವಣೆ 2ರ ನಂತರ.
• ನಿಸಾರ್: 30 ಜುಲೈ 2025; ಜಿಎಸ್‌ಎಲ್‌ವಿ-ಎಫ್16, ಶ್ರೀಹರಿಕೋಟಾ; 2,393 ಕೆ.ಜಿ.; ಎತ್ತರ 747 ಕಿ.ಮೀ.; ಪುನರಾವರ್ತನೆ 12 ದಿನ; ಪ್ರತಿಫಲಕ ವ್ಯಾಸ 12 ಮೀ. ಎಲ್ ಬ್ಯಾಂಡ್ – ನಾಸಾ. ಎಸ್ ಬ್ಯಾಂಡ್ – ಇಸ್ರೊ.

ವ್ಯಕ್ತಿಗಳು
• ಯು.ಆರ್. ರಾವ್: ಜನನ 10 ಮಾರ್ಚ್ 1932, ಅದಮಾರು, ಈಗಿನ ಉಡುಪಿ ಜಿಲ್ಲೆ, ಆರ್ಯಭಟ (19 ಏಪ್ರಿಲ್ 1975, 360 ಕೆ.ಜಿ.) ನಿರ್ಮಾಣದ ನೇತೃತ್ವ, ಪೀಣ್ಯದ ಶೆಡ್‌ಗಳಲ್ಲಿ, ಇಸ್ರೊ ಅಧ್ಯಕ್ಷ 1984–94, ಪದ್ಮವಿಭೂಷಣ 2017, ನಿಧನ 24 ಜುಲೈ 2017. ಇಸ್ರೊ ಉಪಗ್ರಹ ಕೇಂದ್ರಕ್ಕೆ ಅವರ ಹೆಸರು: 2018.
• ರಾಜೇಶ್ವರಿ ಚಟರ್ಜಿ: 1922–2010, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್, ಮಿಷಿಗನ್ ವಿಶ್ವವಿದ್ಯಾಲಯದ ಪಿಎಚ್‌ಡಿ, ಐಐಎಸ್‌ಸಿ ಬೋಧಕಿ 1953ರಿಂದ, ಕ್ಷೇತ್ರ: ಮೈಕ್ರೋವೇವ್, ಆಂಟೆನಾ, ಪತಿ ಶಿಶಿರ್ ಕುಮಾರ್ ಚಟರ್ಜಿ ಜತೆ ಮೈಕ್ರೋವೇವ್ ಸಂಶೋಧನಾಲಯ, 20 ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ, ಅಜ್ಜಿ ಕಮಲಮ್ಮ ದಾಸಪ್ಪ, ಮೈಸೂರು ಸಂಸ್ಥಾನದ ಆದ್ಯ ಪದವೀಧರೆಯರಲ್ಲಿ ಒಬ್ಬರು.
• ವಿ.ಕೆ. ಅತ್ರೆ: ಸೋನಾರ್, ಎಂಇಎಂಎಸ್, ಡಿಆರ್‌ಡಿಒ ಮಾಜಿ ಮುಖ್ಯಸ್ಥ, ಪದ್ಮವಿಭೂಷಣ 2016.
• ಜೆ. ಮಂಜುಳಾ: ಡಿಆರ್‌ಡಿಒದ ಮೊದಲ ಮಹಿಳಾ ಮಹಾನಿರ್ದೇಶಕಿ, 2015, ವಿಭಾಗ ಎಲೆಕ್ಟ್ರಾನಿಕ್ಸ್ ಮತ್ತು ಸಂವಹನ ವ್ಯವಸ್ಥೆ.

ಗೊಂದಲ ನಿವಾರಣೆ
• ಕ್ರಯೊಟ್ರಾನ್ – ಕಾಂತಕ್ಷೇತ್ರದ ಸ್ವಿಚ್. ಜೋಸೆಫ್‌ಸನ್ ಸಂಧಿ – ಸುರಂಗ ಪರಿಣಾಮ.
• ಬಿಇಎಲ್ – ತಯಾರಿಕೆ, ರಕ್ಷಣಾ ಸಾರ್ವಜನಿಕ ಉದ್ಯಮ. ಎಲ್‌ಆರ್‌ಡಿಇ – ವಿನ್ಯಾಸ, ಡಿಆರ್‌ಡಿಒ ಪ್ರಯೋಗಾಲಯ.
• ಪಲ್ಸ್ ರೇಡಾರ್ – ಕಾಲದಿಂದ ದೂರ. ಎಫ್‌ಎಂಸಿಡಬ್ಲ್ಯು – ಆವೃತ್ತಿ ವ್ಯತ್ಯಾಸದಿಂದ ದೂರ.
• ಪ್ಯಾಸಿವ್ ಅರೇ – ಒಂದೇ ಕೇಂದ್ರ ಪ್ರೇಷಕ. ಎಇಎಸ್‌ಎ – ಪ್ರತಿ ಅಂಶಕ್ಕೂ ತನ್ನದೇ ಪ್ರೇಷಕ–ಗ್ರಾಹಕ ಮಾಡ್ಯೂಲ್.
• ವಿದ್ಯಾರ್ಥಿ ರೇಡಾರ್ ಮತ್ತು ಇಸ್ರೊದ ನಿಸಾರ್ ರೇಡಾರ್ – ಎರಡೂ ಎಸ್ ಬ್ಯಾಂಡ್: ಮೊದಲನೆಯದು 2.4 ಗಿಗಾಹರ್ಟ್ಸ್, ಎರಡನೆಯದು 3.2 ಗಿಗಾಹರ್ಟ್ಸ್.